ಗಜ್ಜರಿಗೆ ಸಲ್ಲದ ಕೀರ್ತಿ

ಅಪ್ಪಾ, ನಿಮ್ಮ ಕಣ್ಣು ಯಾವತ್ತೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಗುರಿ ನೋಡಲೆಂದು ನಿಮ್ಮ ಏರ್‌ಗನ್ನಿನ ಮೇಲೆ ಕೂರಿಸಲು ನಾನು ತಂದ ದುರ್ಬೀನು. ಅದು ಕೆಡುತ್ತದೆಂದು ಗೊತ್ತಿದ್ದೇ ತಂದೆ — ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ, ದಿನವೂ ಅದರ ಮೇಲೊಂದು ಲೋಟ ಗಜ್ಜರಿ ರಸ ಸುರಿದುಕೊಳ್ಳುತ್ತ.

ಅಮೀರ್‌ಪೇಟ್‌ನಲ್ಲಿ ಕೋರ್ಸು ಮುಗಿಸಿ ನಾನು ಕೆಲಸಕ್ಕೆ ಸೇರಿದ ಹೊಸತು. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ರಕ್ಷಣಾ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ನೀವು ಜೀವಮಾನವಿಡೀ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಭಾನುವಾರ ತಾರಸಿಯಲ್ಲಿ ಮರಳಿನ ಚೀಲಗಳ ಮುಂದೆ ಖಾಲಿ ಡಬ್ಬಿ ಜೋಡಿಸಿ ಹೊಡೆಯುವುದೊಂದೇ ನಿಮ್ಮ ಚಟ. ಅದಕ್ಕೊಂದು ದುರ್ಬೀನು ಕೊಡೋಣವೆಂದು ಆಫೀಸಿನಲ್ಲಿ ಕೂತು ಓದಿದೆ. ಸ್ಪ್ರಿಂಗಿನ ಏರ್‌ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಮರುಕ್ಷಣ ಮುಂದಕ್ಕೂ ಜಗ್ಗುತ್ತದೆ. ಹಿಂದಿನ ಒದೆತವನ್ನಷ್ಟೇ ತಾಳಬಲ್ಲ ದುರ್ಬೀನಿನ ಗಾಜು ಆ ಎರಡನೆಯ ಜಗ್ಗಾಟಕ್ಕೆ ಸಡಿಲವಾಗುತ್ತದೆ. ಏರ್‌ಗನ್ನಿಗೆಂದೇ ಮಾಡಿದ್ದನ್ನು, ಜಾರದ ಹಾಗೆ ಬಿಗಿಯುವ ಹಿಡಿಕೆಯದನ್ನು ಆರಿಸಬೇಕು. ಎಲ್ಲ ತಿಳಿದಿತ್ತು.

ಹಿಮಾಯತ್‌ನಗರದ ಅಂಗಡಿಯಲ್ಲಿ ಅಂಥದ್ದು ಇತ್ತು ಕೂಡ — ಗಿಡ್ಡಕ್ಕೆ, ನಲ್ಲಿ ಪೈಪಿನ ತುಂಡಿನ ಹಾಗೆ. ಪಕ್ಕದಲ್ಲಿ ಇನ್ನೊಂದು, ಏರ್‌ಗನ್ನಿಗೆ ಮಾಡಿದ್ದಲ್ಲ; ಉದ್ದನೆಯದು, ಕಪ್ಪಗೆ ಹೊಳೆಯುವುದು, ಎಲ್ಲವನ್ನೂ ಇನ್ನಷ್ಟು ಹತ್ತಿರ ತೋರಿಸುವುದು. ಸದಾ ಅಳೆದು ಸುರಿದು ನಡೆಯುವವಳು ನಾನು... ಅವತ್ತು ಉದ್ದನೆಯದನ್ನೇ ಕೊಂಡೆ. ಒಂದು ಸಲವಾದರೂ ನೀವು ಪೆಟ್ಟಿಗೆ ತೆರೆದು 'ಅಬ್ಬಾ' ಅನ್ನಬೇಕಿತ್ತು. ಅಂದಿರಿ.

ಕೆಲವು ಭಾನುವಾರ ಕಳೆಯುವಷ್ಟರಲ್ಲಿ ಡಬ್ಬಿಗಳು ಬೀಳುವುದನ್ನೇ ಬಿಟ್ಟವು. ಪಕ್ಕದ ತಾರಸಿಯಿಂದ ಕುಲಕರ್ಣಿ ಕಾಕಾ ಕೂಗಿದರು: "ಏನ್ರಿ ದೇಸಾಯರ, ಡಬ್ಬಿಗೋಳಿಗೂ ಪೆನ್ಶನ್ ಕೊಟ್ಟೀರೇನು? ಕುಂತಲ್ಲೇ ಕುಂತಾವಲ್ಲ! ಆ ದುರ್ಬೀನ್ ಬಿಚ್ಚಿ ನೋಡ್ರಿ."

"ಏ, ನನ್ನ ಮಗಳು ತಪ್ಪು ಹುಡುಕಾಕ ಪಗಾರ ತಗೋತಾಳ್ರಿ," ಅಂದಿರಿ ನೀವು. "ಆಕಿ ಆರಿಸಿದ್ದು ತಪ್ಪಿರಂಗಿಲ್ಲ. ನನ್ನ ಕಣ್ಣೇ ಹ್ವಾದ್ವು."

ಬಟ್ಟೆ ಒಣಹಾಕುತ್ತ ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದೆ — ಮತ್ತೆ ಕ್ಲಿಪ್ಪು ಕಚ್ಚಿಕೊಂಡೆ.

ಕಣ್ಣಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರೂ ನೀವು ನಂಬಲಿಲ್ಲ. ಮನೆಗೆ ಬಂದವರೇ ಸ್ಕೂಟರಿನ ಕೀಲಿ ನನ್ನ ಕೈಗಿಟ್ಟಿರಿ. "ಇನ್ನ ಗಾಡಿ ನೀನೇ ಹೊಡಿಯವ್ವಾ. ಡಬ್ಬಿ ಕಾಣಲಿಲ್ಲಂದ್ರ ನಡೀತದ. ರಸ್ತಾದಾಗ ಮಂದಿ ಕಾಣಲಿಲ್ಲಂದ್ರ?"

ಹೆದರಿಬಿಟ್ಟೆ. ಮರುದಿನವೇ ಹೋಗಿ ಆ ಗಿಡ್ಡದನ್ನು ತಂದೆ. ಆಗಲಾದರೂ ನಿಜ ಹೇಳಬಹುದಿತ್ತು; "ಉದ್ದಂದು ಭಾರ ಐತಪ್ಪಾ, ನಿಮಗ ಇದು ಹಗುರ" ಅಂದೆ. ಅದೇ ವಾರ ಅಮ್ಮ ನಿಮಗೆ ಕಣ್ಣಿಗೆ ಒಳ್ಳೆಯದೆಂದು ಗಜ್ಜರಿ ರಸ ಶುರು ಮಾಡಿದ್ದಳು. ಭಾನುವಾರ ಡಬ್ಬಿಗಳು ಒಂದರ ಹಿಂದೊಂದು ಹಾರಿದವು. "ನೋಡಿದ್ರೇನ್ರಿ ಕುಲಕರ್ಣಿಯವರ, ಗಜ್ಜರಿ! ಗಜ್ಜರಿ!" ಎಂದು ನೀವು ಕುಣಿದದ್ದು ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ಮನೆಮಂದಿಗೆಲ್ಲ ಬೆಳಿಗ್ಗೆ ಒಂದೊಂದು ಲೋಟ. ಕಾಕಾ ಕೂಡ ಕುಡಿಯುತ್ತಾರೆ, ಮೂಗು ಹಿಡಿದುಕೊಂಡು. ನಗು ಬರುತ್ತದೆ, ನಿಜ.

ಆದರೆ ಕೀಲಿಯನ್ನು ನೀವು ವಾಪಸು ಕೇಳಲಿಲ್ಲ. ಯಾಕೆಂದು ನಾನು ಕೇಳಿದರೆ, "ಗಜ್ಜರಿ ತಾರಸಿ ತನಕ ಸಾಕವ್ವಾ, ರಸ್ತಾಕ್ಕ ಸಾಲಂಗಿಲ್ಲ" ಅನ್ನುತ್ತೀರಿ. ದಿಲ್‌ಸುಖ್‌ನಗರದ ಗದ್ದಲದಲ್ಲಿ ನನ್ನ ಹಿಂದೆ ಕೂತು, ಅಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತೀರಿ. ನನ್ನ ಬೆನ್ನಿಗೆ ಅದು ಗೊತ್ತಾಗುತ್ತದೆ. ಪ್ರತಿ ಸಲ.

ನಿಮ್ಮ ಕಣ್ಣು, ನನ್ನ ಆಯ್ಕೆ — ಎರಡರಲ್ಲಿ ಒಂದನ್ನು ಅನುಮಾನಿಸಬೇಕಾದಾಗ ನೀವು ಕಣ್ಣನ್ನು ಅನುಮಾನಿಸಿದಿರಿ. ಅದನ್ನು ನಾನು ಹಾಗೆಯೇ ಬಿಟ್ಟೆ.

ಉದ್ದನೆಯ ದುರ್ಬೀನು ನನ್ನ ಕಪಾಟಿನಲ್ಲಿದೆ. ಅಲ್ಲಾಡಿಸಿದರೆ ಒಳಗೆ ಗಾಜು ಗಲಗಲ ಅನ್ನುತ್ತದೆ. ನಾಳೆ ಭಾನುವಾರ. ನಿಮ್ಮ ರಸದ ಲೋಟದ ಪಕ್ಕ ಅದನ್ನಿಡುತ್ತೇನೆ, ಅದರ ಪಕ್ಕ ಕೀಲಿ. ತಪಾಸಣೆ ಮಾಡಿದವರು ನೀವು — ಒಮ್ಮೆ ಅಲ್ಲಾಡಿಸಿದರೆ ಸಾಕು. ಬೈಯುವಷ್ಟು ಬೈಯಿರಿ. ಆಮೇಲೆ ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ.