ಕೋಳಿ ಯಾರದ್ದು?

ನಿನ್ನೆ ಬೆಳಿಗ್ಗೆ ನಮ್ಮ ಜಗಲಿಗೆ ಒಬ್ಬ ತರುಣ ಪೊಲೀಸ್ ಬಂದ. ನೆರೆಮನೆಯ ಸುರೇಶ ದುಬೈಗೆ ಹೊರಟಿದ್ದಾನೆ. ಅವನ ಪಾಸ್‌ಪೋರ್ಟಿನ ವಿಚಾರಣೆ. ಬೆಲ್ಲ, ನೀರು ತಂದಿಟ್ಟೆ. ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಆತ ಕಾಗದ ಬಿಡಿಸಿದ. "ಹುಡುಗ ಹೇಗೆ ಮಾಷೇ? ಕೇಸುಗೀಸು ಎಂತಾದರೂ ಉಂಟಾ?" ಎಂದು ಕೇಳಿದ. ಪೊಲೀಸರನ್ನು ಕಂಡು ಹೆದರುವ ವಯಸ್ಸು ನನ್ನದಲ್ಲ. ಹೆದರಿಸಿದ್ದು ಆ ಪ್ರಶ್ನೆ. ಇದೇ ಜಗಲಿಯಲ್ಲಿ, ಇದೇ ಸುರೇಶನ ಅಜ್ಜ ಐತಪ್ಪನ ಬಗ್ಗೆ, ಅದನ್ನು ಹಿಂದೊಮ್ಮೆ ನನ್ನಲ್ಲಿ ಇನ್ನೊಬ್ಬರು ಕೇಳಿದ್ದರು.

ಈಗ ಕೇರಳದಲ್ಲಿರುವ ನಮ್ಮೂರು ಆಗ ಮದ್ರಾಸಿಗೆ ಸೇರಿತ್ತು. ಪೈವಳಿಕೆ ಕಡೆಯ ಒಂದು ಶಾಲೆಯಲ್ಲಿ ನಾನು ಹೊಸ ಮಾಸ್ತರ, ಈಗಿನವರ ಬಾಯಲ್ಲಿ ಮಾಷ್. ನನ್ನ ಬಗ್ಗೆಯೂ ಠಾಣೆಯವರು ವಿಚಾರಿಸಿ, ಯಾವ ದೂರೂ ಇಲ್ಲವೆಂದು ಬರೆದುಕೊಂಡು ಹೋಗಿದ್ದರು. ಆ ಮಾತು ಹೇಗೆ ನಿಜವಾಯಿತು ಎಂಬುದನ್ನು ನಿಮಗೆ ಹೇಳಬೇಕು.

ಕೆಲಸ ಸಿಗುವ ಮೊದಲು ನನಗೆ ಕೋಳಿ ಅಂಕದ, ಎಂದರೆ ಕೋಳಿ ಕಾಳಗದ ಜೂಜಿನ, ಹುಚ್ಚಿತ್ತು. ಯಾವ ದಿನ ಯಾವ ಬಣ್ಣದ ಕೋಳಿಗೆ ಗೆಲುವು ಎಂದು ಹೇಳುವ ಪಂಚಾಂಗ ನಮ್ಮಲ್ಲಿ ಉಂಟು. ನಾಲ್ಕಕ್ಷರ ಬಲ್ಲೆನೆಂಬ ಜಂಭದಿಂದ ಅದನ್ನು ಓದಿ, ಕೆಂಪು ಹುಂಜವೊಂದನ್ನು ಸಾಕಿದ್ದೆ. ಆದರೆ ಅದರ ಕಾಲಿಗೆ ಬಾಳು ಕಟ್ಟಲು ನನಗೆ ಬಾರದು. ಬಾಳೆಂದರೆ ಬೆರಳುದ್ದದ ಹರಿತವಾದ ಚೂರಿ. ಕಟ್ಟುವುದಕ್ಕೆ ಐತಪ್ಪನೇ ಬೇಕು. ಅವನದ್ದು ಹಗುರ ಕೈ, ಗಡಿಬಿಡಿ ಎಂಬುದೇ ಇಲ್ಲ.

ಪಂಚಾಂಗದಲ್ಲಿ ಪೊಲೀಸರು ಬರುವ ಗಳಿಗೆಯನ್ನು ಮಾತ್ರ ಬರೆದಿರಲಿಲ್ಲ. ಒಂದು ಅಂಕದಲ್ಲಿ ಐತಪ್ಪ ನನ್ನ ಹುಂಜಕ್ಕೆ ಬಾಳು ಕಟ್ಟಿ ಮುಗಿಸಿದ್ದನಷ್ಟೆ; ಅವರು ಗದ್ದೆಯ ಬದುವಿನಲ್ಲಿ ಕಾಣಿಸಿದ್ದೇ ತಡ, ಜನ ದಿಕ್ಕಾಪಾಲಾದರು. ಎಲ್ಲರಿಗಿಂತ ಮುಂದೆ ಓಡಿದವನು ನಾನೇ ಇರಬೇಕು. ಐತಪ್ಪ ಓಡಲಿಲ್ಲ. ಬಾಳು ಕಟ್ಟಿದ ಕೋಳಿಯನ್ನು ಓಡುವ ಜನರ ನಡುವೆ ಬಿಟ್ಟರೆ ಯಾರದಾದರೂ ಕಾಲು ಸೀಳುತ್ತದೆ. ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ನೂಲು ಬಿಚ್ಚಿದ. ಬಿಚ್ಚಿ ಮುಗಿಯುವಷ್ಟರಲ್ಲಿ ಪೊಲೀಸರು ಅವನ ರಟ್ಟೆ ಹಿಡಿದಿದ್ದರು. ಕೋರ್ಟು ದಂಡ ಹಾಕಿತು. ಠಾಣೆಯ ಪುಸ್ತಕದಲ್ಲಿ 'ಜೂಜು; ಕೈಯಲ್ಲಿ ಚೂರಿ' ಎಂದು ದಾಖಲಾಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ.

ಎರಡು ವರ್ಷದ ಮೇಲೆ ಐತಪ್ಪನಿಗೆ ಟಪ್ಪಾಲು ಪೇದೆಯ ಕೆಲಸ ಆಗುವುದರಲ್ಲಿತ್ತು. ಅವನ ಮನೆಗೆ ಅದೊಂದೇ ಆಸರೆ. ವಿಚಾರಣೆಗೆ ಠಾಣೆಯಿಂದ ಬಂದ ಮುದಿ ದಫೇದಾರರು ಇಲ್ಲೇ ಕುಳಿತು, "ಚೂರಿ ಹಿಡಿದಿದ್ದನಂತೆ ಅಲ್ಲವಾ, ಎಂತ ಜನ ಮಾಸ್ಟ್ರೆ?" ಎಂದರು. ಐತಪ್ಪ ಅಂಗಳದಲ್ಲಿ ನಿಂತಿದ್ದ. ನಾನು ಅವನನ್ನು ಹೊಗಳಿ ಅಟ್ಟಕ್ಕೇರಿಸಿದೆ. ಚೂರಿ ಬಿಚ್ಚಿದ್ದು ಏಕೆಂದು ಪಾಠ ಮಾಡುವ ಹಾಗೆ ವಿವರಿಸಿದೆ.

ದಫೇದಾರರು ಗಮನವಿಟ್ಟು ಕೇಳಿದರು. "ಹಾಗಾದರೆ ಅವನು ಬರೀ ಸಹಾಯಕ್ಕೆ ಹೋದದ್ದು. ಕೋಳಿಯವನು ಬಂದು ಒಂದು ಮಾತು ಹೇಳಿದರೆ ನಾನು ಹಾಗೆಯೇ ಬರೆಯಬಹುದು. ಕೋಳಿ ಯಾರದ್ದು?"

ನಾನು ಕಂಬ ನೋಡಿದೆ. ಮಾಡಿನ ಹಂಚು ನೋಡಿದೆ. "ಗೊತ್ತಿಲ್ಲ" ಎಂದೆ.

ಅವರು ಹೋದ ಮೇಲೆ ಐತಪ್ಪ ಮೆಟ್ಟಿಲ ಬಳಿ ಬಂದ. "ಹೋಗಲಿ ಬಿಡಿ ಮಾಸ್ಟ್ರೆ. ಇಬ್ಬರ ಕೆಲಸವೂ ಹೋದರೆ ಎಂತ ಪ್ರಯೋಜನ?" ಎಂದ. ಅವನು ಬೈದಿದ್ದರೆ ನನಗೆ ಎಷ್ಟೋ ಸುಖವಿತ್ತು.

ಕೆಲಸ ಬೇರೆಯವನಿಗಾಯಿತು. ಐತಪ್ಪ ಬಸ್ಸಿನ ಮಾಡಿಗೆ ಸಾಮಾನು ಏರಿಸುವವನಾದ. ದಿನಾ ಟಪ್ಪಾಲು ಚೀಲವನ್ನು ಮೇಲಿನಿಂದ ಇಳಿಸಿ ಆ ಇನ್ನೊಬ್ಬನ ಕೈಗೆ ಕೊಡುತ್ತಿದ್ದವನೂ ಅವನೇ. ನಾನು ಆ ಬಸ್ಸಿನ ಹೊತ್ತಿಗೆ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ. ಆದರೂ ಪ್ರತಿ ವರ್ಷ ಅವರ ಮರದ ಮೊದಲ ಹಲಸಿನ ಹಣ್ಣು ನಮ್ಮ ಮನೆಗೆ ಬರುತ್ತಿತ್ತು. ಅವನು ತೀರಿಕೊಂಡ ಮೇಲೂ ಬರುತ್ತಿದೆ. ಅವನು ಮನೆಯಲ್ಲಿ ಏನೂ ಹೇಳಿಲ್ಲವೆಂದು ನಂಬಿ ನಾನು ಅದನ್ನು ನಿಶ್ಚಿಂತೆಯಿಂದ ತಿನ್ನುತ್ತ ಬಂದೆ.

"ಮಾಷೇ?" ಎಂದ ತರುಣ ಪೊಲೀಸ್.

"ಸುರೇಶನ ಮೇಲೆ ಯಾವ ಕೇಸೂ ಇಲ್ಲ. ಅವನ ಅಜ್ಜನ ಹೆಸರಿನಲ್ಲಿ ಒಂದು ಉಂಟು. ಅದು ನನ್ನದು" ಎಂದು ಎಲ್ಲವನ್ನೂ ಹೇಳಿದೆ. ಆತ ಪಾಪ, ಪೆನ್ನು ಹಿಡಿದುಕೊಂಡು ಪೂರ್ತಿ ಕೇಳಿದ. "ಇದನ್ನು ಬರೆಯಲು ಇದರಲ್ಲಿ ಜಾಗ ಇಲ್ಲ ಮಾಷೇ" ಎಂದು ಮೆಲ್ಲಗೆ ಹೇಳಿ, ನನ್ನ ಸಹಿ ಹಾಕಿಸಿಕೊಂಡು ಹೋದ.

ಸುರೇಶ ಅಂಗಳದಲ್ಲೇ ನಿಂತಿದ್ದ, ಅವನ ಅಜ್ಜ ನಿಂತಿದ್ದಲ್ಲೇ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

"ನನಗೆ ಗೊತ್ತುಂಟು ಮಾಷೇ" ಎಂದ. "ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು."

"ಮತ್ತೆ ವಿಚಾರಣೆಗೆ ನನ್ನ ಹೆಸರು ಯಾಕೆ ಕೊಟ್ಟೆ ಮಾರಾಯ?"

"ಬೇರೆ ಯಾರ ಹೆಸರು ಕೊಡುವುದು? ನಮ್ಮನ್ನು ಬಲ್ಲವರು ನೀವೇ ಅಲ್ಲವಾ" ಎಂದು, ನೀರಿನ ಚೆಂಬನ್ನು ಒಳಗಿಡಲು ಎತ್ತಿಕೊಂಡ.