ಮೈಮೂನ ಬಿಸಿಗಾಳಿಯನ್ನು ಹೊರಗಟ್ಟಿದ್ದು

ದುಬೈನ ಇಂಟರ್‌ನ್ಯಾಷನಲ್ ಸಿಟಿಯ ಆ ಕಟ್ಟಡದಲ್ಲಿ ಬಂಗುಡೆ ಹುರಿದ ವಾಸನೆ ಯಾರ ಮನೆಯಿಂದ ಬಂದರೂ ವಾಚ್‌ಮನ್ ಬಂದು ತಟ್ಟುತ್ತಿದ್ದದ್ದು ಮೈಮೂನಳ ಬಾಗಿಲನ್ನೇ. ವಿಟ್ಲದ ಹೆಣ್ಣು. ಮೀನಿಲ್ಲದಿದ್ದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯದು. ಆದರೆ ನೆರೆಯವರ ಬಾಯಿಗೆ ಬೀಳುವುದೆಂದರೆ ಪ್ರಾಣ ಹೋದಷ್ಟು ಸಂಕಟ. ಹಾಗಾಗಿ ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲೇ ಒಂದು ನೇಮ ಹಿಡಿದಿದ್ದಳು: ಬೆಳಿಗ್ಗೆ ಎದ್ದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮಲಗುವ ತನಕ ಆರಿಸುವಂತಿಲ್ಲ. ಮೀನು ಹುರಿಯಲಿ, ಬರೀ ಚಹಾ ಕಾಯಿಸಲಿ, ಫ್ಯಾನ್ ತಿರುಗುತ್ತಲೇ ಇರಬೇಕು. ಅದರ ಗರಗರ ಸದ್ದು ನಿಂತರೆ ತನ್ನ ಮರ್ಯಾದೆಯೂ ಹೋಯಿತು ಎಂದೇ ಅವಳ ನಂಬಿಕೆ.

ಗಂಡ ಮುಹಿಯುದ್ದೀನ್ ಅಲ್ ಮುರಕ್ಕಬಾತ್‌ನ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಮನುಷ್ಯ ಒಳ್ಳೆಯವನೇ, ಆದರೆ ಒಮ್ಮೆ ತಲೆಗೆ ಹೊಕ್ಕಿದ್ದು ಹೊರಗೆ ಬರುವುದು ಕಷ್ಟ. ಈ ಸಲ ಬೇಸಿಗೆ ಶುರುವಾಗುತ್ತಲೇ ಬಂದ ಕರೆಂಟ್ ಬಿಲ್ಲು ನೋಡಿ ಅವನು ಊಟದ ಮಧ್ಯೆಯೇ ಕೈ ತೊಳೆದುಕೊಂಡ.

"ಹೀಗಾದ್ರೆ ಆಗುದಿಲ್ಲ ಮೈಮೂನಾ. ಎಸಿಗೆ ದುಡಿದು ದುಡಿದು ನಂಗೆ ಸಾಕಾಯ್ತು. ನೀನೂ ಮಗಳೂ ಊರಿಗೆ ಹೋಗಿ. ನಾನು ಅಂಗಡಿ ಹತ್ರ ನಾಲ್ಕೈದು ಗಂಡಸರಿರುವ ರೂಮಲ್ಲಿ ಒಂದು ಬೆಡ್‌ಸ್ಪೇಸ್ ನೋಡ್ತೇನೆ."

ಸಂಸಾರ ಸಮೇತ ಗಲ್ಫಿನಲ್ಲಿರುವ ಹೆಂಗಸಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಹಾಗೆ ಹೋದವರು ತಿರುಗಿ ಬಂದದ್ದನ್ನು ಮೈಮೂನ ಕಂಡಿರಲಿಲ್ಲ. ಗಂಡ ಆಮೇಲೆ ವೀಡಿಯೊ ಕಾಲಿನಲ್ಲಿ ಕಾಣುವ ಒಂದು ಮುಖವಾಗಿ ಉಳಿಯುತ್ತಾನೆ, ಅಷ್ಟೇ. ಮುಹಿಯುದ್ದೀನ್ ಬರೀ ಬಾಯಿಮಾತಿಗೆ ನಿಲ್ಲಲಿಲ್ಲ. ಮಗಳು ಜಸೀಲಳ ಶಾಲೆಗೆ ಹೋಗಿ ಟಿಸಿಗೆ ಅರ್ಜಿಯನ್ನೂ ಕೊಟ್ಟು ಬಂದ.

ಮೈಮೂನ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. ಎಸಿ ರಿಪೇರಿಯವನು ಬಂದು ಫಿಲ್ಟರ್ ತೊಳೆದು, ಗ್ಯಾಸ್ ನೋಡಿ, "ಎಸಿ ಒಳ್ಳೇದುಂಟು" ಎಂದು ಹೇಳಿ ಹೋಗಿದ್ದ. ಒಳ್ಳೆಯ ಎಸಿ ಹಗಲಿಡೀ ಒಂದೇ ಸಮ ಕೂಗಿದರೂ ಮನೆ ಯಾಕೆ ತಣ್ಣಗಾಗುವುದಿಲ್ಲ? ತಣ್ಣನೆ ಗಾಳಿಯೆಲ್ಲ ಎಲ್ಲಿಗೆ ಹೋಗಿ ಸಾಯುತ್ತದೆ?

ಉತ್ತರ ಸಿಕ್ಕಿದ್ದು ಗುರುವಾರ ಸಂಜೆ. ಮಗ್ರಿಬ್ ನಮಾಜಿನ ಹೊತ್ತಿಗೆ ಮನೆಯಿಡೀ ಲೋಬಾನದ ಹೊಗೆ ಹಿಡಿಯುವುದು ಅವಳ ತಾಯಿಯ ಮನೆಯಿಂದ ಬಂದ ಪದ್ಧತಿ. ಕೆಂಡದ ಮೇಲೆ ಲೋಬಾನ ಉದುರಿಸಿ ಹಾಲಿಗೆ ಬಂದಳು. ಮೇಲಕ್ಕೇರಬೇಕಾದ ಹೊಗೆ ಅಡ್ಡ ಮಲಗಿ ಅಡುಗೆಮನೆಯ ಕಡೆ ಓಡುತ್ತಿತ್ತು. ಇಷ್ಟು ವರ್ಷ ಓಡಿದ್ದೂ ಹಾಗೆಯೇ, ಆದರೆ ಅವಳು ನೋಡಿರಲಿಲ್ಲ. ಬಾಲ್ಕನಿ ಬಾಗಿಲ ಹತ್ತಿರ ಹಿಡಿದಳು. ಬಾಗಿಲು ಮುಚ್ಚಿದ್ದರೂ ಹೊಗೆ ರಪ್ಪನೆ ಅವಳ ಮುಖಕ್ಕೇ ಬಂತು. ಮುಂಬಾಗಿಲ ಅಡಿಯಲ್ಲೂ, ಎಸಿಯ ಪೈಪು ಗೋಡೆ ತೂರಿದ ತೂತಿನಲ್ಲೂ ಅದೇ ಕಥೆ.

"ಜಸೀಲಾ, ಆ ಫ್ಯಾನ್ ಒಮ್ಮೆ ಆಫ್ ಮಾಡು!"

"ವೈ ಉಮ್ಮಾ? ಯು ನೆವರ್—"

"ಮಾಡು ಅಂದೆ!"

ಫ್ಯಾನ್ ನಿಂತಿತು. ಹೊಗೆ ಹೆಚ್ಚುಕಡಿಮೆ ನೆಟ್ಟಗಾಯಿತು. ಮತ್ತೆ ಹಾಕಿಸಿದಳು, ಮತ್ತೆ ಓಡಿತು. ಮೈಮೂನ ತಲೆಯ ಮೇಲೆ ಕೈಯಿಟ್ಟುಕೊಂಡಳು. ತಣ್ಣನೆ ಗಾಳಿಯನ್ನು ಎಳೆದು ಬೀದಿಗೆ ಚೆಲ್ಲುತ್ತಿದ್ದದ್ದು ಅವಳ ಮರ್ಯಾದೆಯ ಫ್ಯಾನೇ! ಆ ಜಾಗ ತುಂಬಲು ಸಂದು ಸಂದಿನಿಂದ ಮರಳುಗಾಡಿನ ಬಿಸಿ ಒಳಗೆ ನುಗ್ಗುತ್ತಿತ್ತು. ನಾಚಿಕೆಯಾಯಿತು ನಿಜ, ಆದರೆ ಕಳ್ಳ ಸಿಕ್ಕಿಬಿದ್ದ ಸಂತೋಷ ಅದಕ್ಕಿಂತ ದೊಡ್ಡದಿತ್ತು.

"ಹೊಗೆ ನೋಡಿ ಮನೆ ರಿಪೇರಿ ಮಾಡ್ತಾಳಂತೆ!" ಎಂದು ಮುಹಿಯುದ್ದೀನ್ ನಕ್ಕ. "ತೂತು ಮುಚ್ಚುದು ಓನರಿನ ಕೆಲ್ಸ. ಸುಮ್ನೆ ಪ್ಯಾಕಿಂಗ್ ಶುರು ಮಾಡು."

ಮೈಮೂನ ಸೂಟ್‌ಕೇಸ್ ಮುಟ್ಟಲೇ ಇಲ್ಲ. ಮರುದಿನವೇ ಮಗಳನ್ನು ಕರೆದುಕೊಂಡು ಡ್ರ್ಯಾಗನ್ ಮಾರ್ಟಿಗೆ ಹೋಗಿ ಅಂಟಿಸುವ ಫೋಮ್ ಪಟ್ಟಿ, ಬಾಗಿಲ ಅಡಿಗೆ ಹಾಕುವ ಬ್ರಷ್ಷು, ಸಂದು ತುಂಬುವ ಸಿಲಿಕೋನ್ ಅಂಟು ತಂದಳು. ಎಸಿ ಪೈಪಿನ ತೂತು, ಸಿಂಕಿನ ಹಿಂದಿನ ಸಂದು ಸಿಲಿಕೋನಿನಿಂದ ಮುಚ್ಚಿದವು. ಕಿಟಕಿಯ ಚೌಕಟ್ಟಿಗೆ ಫೋಮ್ ಬಂತು. ಬಾಲ್ಕನಿ ಬಾಗಿಲಿಗೆ ಮೊದಲ ಸಲ ದಪ್ಪ ಪಟ್ಟಿ ಅಂಟಿಸಿ ಬಾಗಿಲೇ ಮುಚ್ಚದಂತಾಯಿತು. ಬೈದುಕೊಳ್ಳುತ್ತ ಕಿತ್ತು, ತೆಳ್ಳಗಿನದು ಹಾಕಿದಳು. ಎಲ್ಲ ಮುಗಿದ ಮೇಲೆ ಒಂದು ಅಗರಬತ್ತಿ ಹಚ್ಚಿ ಪ್ರತಿ ಮೂಲೆಯಲ್ಲೂ ಹಿಡಿದಳು. ಹೊಗೆ ನೆಟ್ಟಗೆ ಏರಿತು. ಇನ್ನು ಮೀನು ಹುರಿಯುವಾಗ ಮಾತ್ರ ಫ್ಯಾನು, ಅದೂ ಅಡುಗೆಮನೆಯ ಬಾಗಿಲು ಮುಚ್ಚಿ, ಅಲ್ಲಿನ ಕಿಟಕಿ ಒಂಚೂರು ತೆರೆದು.

ಕೆಲವು ದಿನಗಳಾದ ಮೇಲೆ, ರಜೆಯ ಮಧ್ಯಾಹ್ನ ಮುಹಿಯುದ್ದೀನ್ ಸೋಫಾದಲ್ಲಿ ಒರಗಿದ್ದವನು ಗಡಬಡಿಸಿ ಎದ್ದು ಕುಳಿತ.

"ಹೋಯ್ತು! ಎಸಿ ಖಲಾಸ್! ಸದ್ದೇ ಇಲ್ಲ ಮಾರಾಯ್ತಿ!"

ಅವನು ರಿಪೇರಿಯವನ ನಂಬರು ಹುಡುಕುತ್ತಿದ್ದಾಗ ಜಸೀಲ ಫೋನಿನಿಂದ ತಲೆಯೆತ್ತಲೂ ಇಲ್ಲ. "ಉಪ್ಪಾ, ರಿಲ್ಯಾಕ್ಸ್. ರೂಮ್ ಕೂಲ್ ಆಗಿದೆ, ಅದು ರೆಸ್ಟ್ ತಗೊಳ್ತಾ ಇದೆ."

ಆ ಮನೆಯ ಎಸಿ ಬೇಸಿಗೆಯ ಹಗಲಲ್ಲಿ ತಾನಾಗಿ ಸುಮ್ಮನಾದದ್ದು ಅದೇ ಮೊದಲು. ಮುಹಿಯುದ್ದೀನ್ ಬಾಲ್ಕನಿ ಬಾಗಿಲಿಗೆ ಹೋಗಿ ಸಂದಿಗೆ ಅಂಗೈ ಹಿಡಿದ. ಆಮೇಲೆ ಕಿಟಕಿಗೆ, ಮುಂಬಾಗಿಲಿಗೆ ಹಿಡಿದ. ಮೈಮೂನ ನೋಡುತ್ತ ನಿಂತಳು. ಆ ಸುಖವನ್ನು ಮಾತಾಡಿ ಹಾಳು ಮಾಡುವಷ್ಟು ದಡ್ಡಿಯಲ್ಲ ಅವಳು.

ಶಾಲೆ ಬೇಸಿಗೆ ರಜೆಗೆ ಮುಚ್ಚುವುದರೊಳಗೆ ಮುಂದಿನ ಬಿಲ್ಲು ಬಂತು. ಸೆಕೆ ಏರಿತ್ತು, ಬಿಲ್ಲು ಇಳಿದಿತ್ತು. ಮುಹಿಯುದ್ದೀನ್ ಬಿಲ್ಲು ತೆರೆದಿದ್ದ ಫೋನನ್ನು ಮೈಮೂನಳ ಕೈಗೆ ಕೊಟ್ಟ.

"ಬೆಡ್‌ಸ್ಪೇಸ್ ಬೇಡ ಅಂತ ಹೇಳಿದೆ," ಎಂದ. "ನೀವಿಬ್ರು ಇಲ್ದೆ ನನಗೂ ಆಗ್ತಿರ್ಲಿಲ್ಲ. ನಾಳೆ ಶಾಲೆಗೆ ಹೋಗಿ ಬರ್ತೇನೆ."

"ನೀವು ಬೇಡ. ನಾನೇ ಹೋಗ್ತೇನೆ."

ಕಪ್ಪು ಬುರ್ಖಾದ ಮೇಲೆ ಹಬ್ಬದ ಶಾಲು ಹೊದ್ದು ಹೋದಳು. ಆಫೀಸಿನ ಕೌಂಟರಿನಲ್ಲಿ ಕೂರುವ ಜೋಸ್ಫಿನ್ ಮಂಗಳೂರಿನವಳು.

"ಎಂತ, ಟಿಸಿ ಕ್ಯಾನ್ಸಲ್ಲಾ? ಕಾರಣ ಎಂತ ಬರೀಲಿ?"

"ನಮ್ಮ ಮನೆ ಈಗ ತಣ್ಣಗುಂಟು ಅಂತ ಬರೀರಿ."

ಜೋಸ್ಫಿನ್ ಬಿದ್ದು ಬಿದ್ದು ನಕ್ಕಳು.

"ನಗುದಲ್ಲ ಮಾರಾಯ್ರೆ, ಬರೀರಿ," ಎಂದಳು ಮೈಮೂನ. ಜೋಸ್ಫಿನ್ ಬರೆದು, ಸೀಲು ಒತ್ತಿ ಮುಗಿಸುವ ತನಕ ಅವಳು ಆ ಕೌಂಟರ್ ಬಿಟ್ಟು ಕದಲಲಿಲ್ಲ.