ಅಮೋನಿಯ ಸುಡದ ಪುಡಿ

ಚಿಕ್ಕೋಡಿಯ ಚಹಾದಂಗಡಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಸಮ್ಮೇದ ಮಗದುಮ್ ಗಾಜಿನ ಪಾತ್ರೆಗಳಿಗೆ ಅಂಟಿದ ನೀಲಿ ಕಲೆ ತಿಕ್ಕುತ್ತಿದ್ದಾರೆ. ತೊಳೆದಿಟ್ಟರೆ ಮುಗಿಯಿತು, ಇಲ್ಲಿನ ಸಂಶೋಧನೆಗೆ ಇನ್ನು ಬೀಗ. ಗೆದ್ದವರನ್ನೇ ಹುಡುಕಿ ಬರೆಯುವ ಚಟ ನಮ್ಮ ಭಾನುವಾರದ ಪುರವಣಿಗಳಿಗೆ. ಸಮ್ಮೇದ ಸೋತವರು.

ಐನಾಪುರದ ಮನೆಯಲ್ಲಿ ಇವರ ಜೊತೆಗಿರುವ ತಮ್ಮ ಸುಹಾಸ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಯಂತ್ರದ ಕೋಣೆಯಲ್ಲಿ ದುಡಿಯುತ್ತಾನೆ. ತಂಪು ಮಾಡುವ ಅಮೋನಿಯ ಸೋರಿ ಸೋರಿ ಅವನ ಎದೆ ಹಾಳಾಗಿದೆ. ಆ ಅನಿಲವನ್ನು ನಿರುಪದ್ರವಿ ಸಾರಜನಕ ಮತ್ತು ನೀರಾಗಿಸುವ ವೇಗವರ್ಧಕ ಪುಡಿಯ ಬೆನ್ನು ಹತ್ತಿದವರು ಕಾಲೇಜಿನ ಮಯೂರಿ ಮೇಡಂ. ಸಮ್ಮೇದರಿಗೆ ಹೋದ ಜೀವ ಬಂದಂತಾಯಿತು.

“ತಮ್ಮ ಕೆಲಸಾ ಬಿಡತೇನಿ ಅಂದಿದ್ದ. ನಾನ ತಡದೆ. ಸ್ವಲ್ಪ ತಡಿಯೋ, ನಮ್ಮ ಪುಡಿ ಬರತೈತಿ ಅಂದೆ,” ಎನ್ನುತ್ತಾರೆ.

ತಾಮ್ರ, ಮೆಗ್ನೀಷಿಯಂ, ಅಲ್ಯೂಮಿನಿಯಂ ಲವಣಗಳ ದ್ರಾವಣವನ್ನು ಕ್ಷಾರಕ್ಕೆ ಹನಿ ಹನಿಯಾಗಿ ಬಿಟ್ಟರೆ ಪದರ ಪದರದ ಹೈಡ್ರಾಕ್ಸೈಡ್ ಮುದ್ದೆಯಾಗಿ ತಳಕ್ಕೆ ಕೂರುತ್ತದೆ. ಉಪ್ಪಿನಂಶ ಹೋಗುವ ತನಕ ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಬೇಕು. ಒಣಗಿಸಿ ಕುಲುಮೆಯಲ್ಲಿ ಸುಟ್ಟಾಗ ಸಿಗುವುದೇ ಮಿಶ್ರ ಆಕ್ಸೈಡಿನ ಪುಡಿ. ಹನಿ ಬಿಡುವುದು, ತೊಳೆಯುವುದು ಎಲ್ಲ ಸಮ್ಮೇದರ ಕೈಯೇ.

ಕೊನೆಯ ಮುದ್ದೆ ತೊಳೆಯುವ ಹೊತ್ತಿಗೆ ನೀರು ಬಟ್ಟಿ ಇಳಿಸುವ ಯಂತ್ರ ಕೆಟ್ಟಿತು. ಮೇಡಂ ಊರಲ್ಲಿರಲಿಲ್ಲ. ಸಮ್ಮೇದ ಮನೆಯಿಂದ ಕ್ಯಾನು ತುಂಬಿಕೊಂಡು ಬಸ್ಸು ಹತ್ತಿದರು. ಜೈನರ ಮನೆ, ದಪ್ಪ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿಯೇ ನೀರು ಕುಡಿಯುವವರು.

“ಅದಕ್ಕಿಂತ ಶುದ್ಧ ನೀರು ಜಗತ್ತಿನ್ಯಾಗ ಇಲ್ಲಂತ ತಿಳಕೊಂಡಿದ್ನಿರಿ.”

ಹುಳುಹುಪ್ಪಟೆ ಇರಲಿಲ್ಲ, ನಿಜ. ಸವಳು ನೆಲದ ಬೋರ್‌ವೆಲ್ಲಿನ ಉಪ್ಪು ಮಾತ್ರ ಕರಗಿಕೊಂಡೇ ಇತ್ತು, ಅದು ಪುಡಿಯಲ್ಲೂ ಉಳಿದು ಅದರ ಶಕ್ತಿ ಕೆಡಿಸಿತು. ಪರೀಕ್ಷೆಯಲ್ಲಿ ಒಳಹೋದ ಅಮೋನಿಯ ಹಾಗೆಯೇ ಹೊರಬಂತು. ಲವಣಗಳು ಮುಗಿದಿದ್ದವು, ಯೋಜನೆಯ ಅವಧಿಯೂ ಮುಗಿದಿತ್ತು.

“ಮೇಡಂ ಬೈಲಿಲ್ರಿ. ಬೈದಿದ್ರ ಚಲೋ ಇತ್ತು.”

ಸುಹಾಸ ಇಂದಿಗೂ ಅದೇ ಕೋಣೆಗೆ ಹೋಗುತ್ತಾನೆ. ಊಟಕ್ಕೆ ಕೂತಾಗ, ಕೆಮ್ಮಿನ ನಡುವೆ, ಪುಡಿ ಎಲ್ಲಿಗೆ ಬಂತೆಂದು ಅಣ್ಣನನ್ನು ಕೇಳುತ್ತಾನೆ. “ಆಗಾಕತ್ತೈತಿ ಅಂತೇನಿ,” ಎನ್ನುವಾಗ ಸಮ್ಮೇದ ತಲೆ ಎತ್ತುವುದಿಲ್ಲ.

ಇದನ್ನೆಲ್ಲ ಬರೆಯಬಹುದೇ ಎಂದರೆ ತೊಳೆದ ಪಾತ್ರೆಯನ್ನು ಬೋರಲು ಹಾಕುತ್ತಾರೆ.

“ಬರೀರಿ. ಅವನ ಮುಂದ ಹೇಳಾಕ ನನಗ ಬಾಯೇ ಬರವಲ್ತು. ಐತವಾರದ ಪೇಪರ್ ಅವ ತಪ್ಪದ ಓದತಾನ್ರಿ.”